ನೀರಿನ ಮೇಲೆ ಒಂದೇ ಅಣುವಿನ ಹೊದಿಕೆ

ಮಾನ್ಯ ಸಂಪಾದಕರೇ,

ಜಲಾಶಯಗಳ ನೀರು ಆವಿಯಾಗುವುದನ್ನು ತಗ್ಗಿಸಲು ಸೀಟೈಲ್ ಆಲ್ಕೋಹಾಲ್ ಎಂಬ ಮೇಣದಂಥ ಪದಾರ್ಥವನ್ನು ಮೇಲ್ಮೈಗೆ ಹರಡುವ ಪ್ರಯೋಗಗಳು ಆಸ್ಟ್ರೇಲಿಯಾದಲ್ಲಿ 1950ರ ದಶಕದಲ್ಲೇ ನಡೆದಿದ್ದವು. 16 ಕಾರ್ಬನ್ ಪರಮಾಣುಗಳ ಸರಪಳಿಯುಳ್ಳ ಈ ಅಣುಗಳು ತಲೆಯನ್ನು ನೀರಿಗೂ ಬಾಲವನ್ನು ಗಾಳಿಗೂ ಚಾಚಿ, ಒತ್ತೊತ್ತಾಗಿ ನಿಂತು, ಒಂದೇ ಅಣುವಿನಷ್ಟು ದಪ್ಪದ ಪದರವಾಗುತ್ತವೆ. ಪ್ರಯೋಗಾಲಯದ ತೊಟ್ಟಿಯಲ್ಲಿ ಚೆನ್ನಾಗಿ ನಿಲ್ಲುವ ಈ ಪದರವನ್ನು ಬಯಲಿನ ಗಾಳಿಯು ದಡಕ್ಕೆ ತಳ್ಳಿಬಿಡುತ್ತದೆ, ಅದೇ ಇದರ ದೊಡ್ಡ ತೊಡಕು. ಪ್ರತಿ ಅಣುವಿನ ಮೇಲಿನ ಬಲವನ್ನು ಲೆಕ್ಕಹಾಕಿ, ಫೆಮ್ಟೊಸೆಕೆಂಡುಗಳ (ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು) ಹೆಜ್ಜೆಯಲ್ಲಿ ಅದರ ಚಲನೆಯನ್ನು ಹಿಂಬಾಲಿಸುವ ಕಂಪ್ಯೂಟರ್ ಅನುಕರಣೆಯು, ನೀರಿನ ಅಣುಗಳು ಯಾವ ಸಂದಿನಿಂದ ನುಸುಳುತ್ತವೆಂಬುದನ್ನು ತೋರಿಸಬಲ್ಲದು. ಆದರೆ ಆ ಲೆಕ್ಕಕ್ಕೆ ನಿಲುಕುವುದು ನ್ಯಾನೊಮೀಟರುಗಳಷ್ಟು (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಜಾಗ ಮಾತ್ರವಾದ್ದರಿಂದ, ನಮ್ಮ ವಿಶ್ವವಿದ್ಯಾಲಯಗಳು ಬಯಲುಸೀಮೆಯ ಒಂದು ಕೆರೆಯಲ್ಲಾದರೂ ಅಳತೆಗಳನ್ನು ನಡೆಸಿ, ಮೀನು ಹಾಗೂ ಜಲಕೀಟಗಳ ಮೇಲಿನ ಪರಿಣಾಮವನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಚಿತ್ರದುರ್ಗ