ಧಾರವಾಡದಲ್ಲಿ ಮೈಸೂರಿನ ಸಾರು ಹುಡುಕಬೇಡಿ

ಮೈಸೂರು

ಚಿ. ಸೌ. ಶ್ರೀದೇವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀವಿಬ್ಬರೂ ಕ್ಷೇಮವೆಂದು ನಿನ್ನ ಅಮ್ಮನಿಂದ ತಿಳಿಯಿತು. ಕ್ಷೇಮವಾಗಿದ್ದರೂ ನೆಟ್ಟಗೆ ಊಟ ಮಾಡುತ್ತಿಲ್ಲ ಎಂಬುದೂ ಅವಳಿಂದಲೇ ತಿಳಿಯಿತು. ಧಾರವಾಡದಲ್ಲಿ ಎಲ್ಲವೂ ಖಾರವಂತೆ, ಜೋಳದ ರೊಟ್ಟಿ ಗಂಟಲಿಗಿಳಿಯುವುದಿಲ್ಲವಂತೆ, ನೀನು ತಟ್ಟಿದರೆ ಬಿರಿಯುತ್ತದಂತೆ, ಮಹೇಶನಿಗೆ ಅನ್ನ ಸಾರಿಲ್ಲದಿದ್ದರೆ ಊಟವೇ ಅಲ್ಲವಂತೆ. ಹೀಗಾಗಿ ರಾತ್ರಿಯಾದರೆ ಇಬ್ಬರೂ ಮೊಬೈಲ್ ಹಿಡಿದು ತಮತಮಗೆ ಬೇಕಾದ ಡಬ್ಬಿ ತರಿಸಿಕೊಳ್ಳುತ್ತೀರಂತೆ. ಅಡುಗೆಯವರನ್ನು ಇಟ್ಟುಕೊಂಡರೆ ಸರಿಹೋಗುತ್ತದೆ ಎನ್ನುವುದು ನಿನ್ನ ಅಮ್ಮನ ಲೆಕ್ಕ. ನನ್ನ ಲೆಕ್ಕ ಬೇರೆ. ನಾನೂ ನಿನ್ನ ಅತ್ತೆಯೂ ಅದೇ ಊರಿನಲ್ಲಿ ಹೊಸ ಸಂಸಾರ ಹೂಡಿದವರು. ಆದ್ದರಿಂದ ಎರಡು ಮಾತು ಹೇಳುವ ಅಧಿಕಾರ ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ಪತ್ರ ನಿನ್ನ ಹೆಸರಿಗಿದ್ದರೂ ಮಹೇಶನೂ ಓದಲಿ. ಅರ್ಧ ಬುದ್ಧಿವಾದ ಅವನಿಗೇ ಸೇರಿದ್ದು.

ಮೊದಲು ಮಾಡಬೇಕಾದದ್ದು, ಒಂದು ಮಧ್ಯಾಹ್ನ ಹಸಿದುಕೊಂಡು ಖಾನಾವಳಿಗೆ ಹೋಗುವುದು. ಹವಾನಿಯಂತ್ರಿತ ಹೋಟೆಲಿನ 'ಉತ್ತರ ಕರ್ನಾಟಕ ಥಾಲಿ' ಬೇಡ, ಅದು ಫೋಟೋ ತೆಗೆಯುವವರ ಊಟ. ಬಾಗಿಲ ಹೊರಗೆ ಚಪ್ಪಲಿಗಳು ರಾಶಿ ಬಿದ್ದಿರುವ, ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳುವ ಜಾಗ ನೋಡಿಕೊಳ್ಳಿ. ತಟ್ಟೆಯಲ್ಲಿ ಏನೇನು ಬರುತ್ತದೆ ಎಂದು ಗಮನವಿಟ್ಟು ನೋಡು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನದೋ ಹೆಸರುಕಾಳಿನದೋ ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು (ನಮ್ಮ ಕಡೆಯ ಹುಚ್ಚೆಳ್ಳು) ಚಟ್ನಿಪುಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಈರುಳ್ಳಿ, ಸೌತೆಕಾಯಿ, ಮೂಲಂಗಿ. ಅಲ್ಲಿ ಖಾರವನ್ನು ಯಾರೂ ಒಂಟಿಯಾಗಿ ತಿನ್ನುವುದಿಲ್ಲ. ಚಟ್ನಿಪುಡಿಗೆ ಮೊಸರೋ ಎಣ್ಣೆಯೋ ಬೀಳುತ್ತದೆ, ಎಣ್ಣೆಗಾಯಿಯ ತುತ್ತಿನ ಹಿಂದೆಯೇ ಸೌತೆಕಾಯಿ ಬಾಯಿಗೆ ಹೋಗುತ್ತದೆ. ಆ ಸಂಗಡಿಗರನ್ನೆಲ್ಲ ಬಿಟ್ಟು ನೀನು ಬರೀ ಪಲ್ಯವನ್ನು ಅನ್ನಕ್ಕೆ ಕಲಸಿಕೊಂಡರೆ ಕಣ್ಣಲ್ಲಿ ನೀರು ಬಾರದೆ ಇನ್ನೇನಾಗುತ್ತದೆ? ಮಹೇಶನಿಗೂ ಒಂದು ಸಮಾಧಾನ: ಕೊನೆಗೆ ಅನ್ನ ಸಾರು ಬಂದೇ ಬರುತ್ತದೆ. ಅದು ತಟ್ಟೆಗೆ ಬರುವವರೆಗೆ ಅವನು ತಾಳಿಕೊಳ್ಳಬೇಕು, ಅಷ್ಟೆ.

ಉಂಡಾದ ಮೇಲೆ ಕೈತೊಳೆದು ಹೊರಟುಬಿಡಬೇಡ. ಬಡಿಸಿದ ಅಕ್ಕನನ್ನು ಮಾತನಾಡಿಸು. ರೊಟ್ಟಿ ಬಿರಿಯುತ್ತದೆ ಎಂದು ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆ ಹಿಟ್ಟು ಎಲ್ಲಿಯದು ಎಂದಿರುತ್ತದೆ. ಪೊಟ್ಟಣದ ಹಿಟ್ಟು ಎಂದರೆ ನಕ್ಕಾರು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಬರುವ ಜಿಗುಟೊಂದೇ ಅದರ ಬಂಡವಾಳ. ಹಿಟ್ಟು ಹಳತಾದಷ್ಟೂ ಆ ಜಿಗಿ ಕಡಿಮೆಯಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಮಾಲದಂಡಿ ತಳಿಯ ಬಿಳಿಜೋಳ ಕೇಳಿ ತೆಗೆದುಕೊಂಡು, ಒಂದೆರಡು ವಾರಕ್ಕಾಗುವಷ್ಟನ್ನು ಮಾತ್ರ ಗಿರಣಿಯಲ್ಲಿ ಬೀಸಿಸು.

ಎಸರು ಕೊತಕೊತ ಕುದಿಯಬೇಕು. ಬೆಚ್ಚಗಿದ್ದರೆ ಸಾಲದು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು, ಸೌಟಿನಿಂದ ಕಲಸಿ, ಕೈ ತಡೆಯುವಷ್ಟು ಆರಿದೊಡನೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಷ್ಟು ನಾದಬೇಕೆಂದು ಗಡಿಯಾರ ನೋಡಬೇಡ. ಉಂಡೆಯನ್ನು ಚಪ್ಪಟೆ ಒತ್ತಿದಾಗ ಅಂಚು ಸೀಳದಿದ್ದರೆ ಸಾಕು. ಕೆಳಗೆ ಒಣಹಿಟ್ಟು ಉದುರಿಸಿ ತಟ್ಟುತ್ತಾ ತಿರುಗಿಸುತ್ತಾ ಹೋಗು. ಹಂಚಿಗೆ ಹಾಕುವಾಗ ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರಬೇಕು. ತಕ್ಷಣ ಒದ್ದೆ ಬಟ್ಟೆಯಿಂದ ಅದರ ಮೈಯೆಲ್ಲ ನೀರು ಸವರು. ಎಲ್ಲರೂ ಕೆಡಿಸುವುದು ಇಲ್ಲಿಯೇ. ತಡವಾಗಿ ಸವರಿದರೆ ಮೇಲ್ಮೈ ಒಣಗಿ ಬಿರಿಯುತ್ತದೆ, ನೀರು ಹೊಳೆಯುತ್ತಿರುವಾಗಲೇ ಮಗುಚಿದರೆ ಹಂಚಿಗೆ ಅಂಟುತ್ತದೆ. ಹೊಳಪು ಮಾಯವಾಗಿ ಇನ್ನೂ ಪಸೆ ಇರುವ ಗಳಿಗೆಯಲ್ಲಿ ಮಗುಚಬೇಕು. ಆಮೇಲೆ ಅಂಚನ್ನು ಬಟ್ಟೆಯಿಂದ ಮೆಲ್ಲಗೆ ಅದುಮಿದರೆ ಅದು ತಾನಾಗಿ ಉಬ್ಬುತ್ತದೆ. ಮೊದಮೊದಲು ಕರ್ನಾಟಕದ ನಕಾಶೆ ಬಂದರೂ ಬೇಸರಿಸಬೇಡ, ರುಚಿಗೆ ಆಕಾರದ ಹಂಗಿಲ್ಲ.

ತಟ್ಟುವ ಕೆಲಸ ನೀನೇ ಮಾಡಬೇಕೆಂದು ನಾನು ಹೇಳುತ್ತಿಲ್ಲ, ನೋಡು. ಮಹೇಶನ ಅಂಗೈ ನಿನ್ನದಕ್ಕಿಂತ ಅಗಲ. ಅವನು ನಾದಲಿ, ತಟ್ಟಲಿ. ನೀನು ಹಂಚಿನ ಮುಂದೆ ನಿಲ್ಲು. ಕೆಲಸ ಮುಗಿಸಿ ಇಬ್ಬರೂ ಬಳಲಿ ಬಂದ ದಿನ ಯಾರೂ ತಟ್ಟುವುದು ಬೇಡ. ಖಡಕ್ ರೊಟ್ಟಿಯ ಕಟ್ಟು ಮನೆಯಲ್ಲಿರಲಿ, ತಿಂಗಳಾದರೂ ಕೆಡುವುದಿಲ್ಲ. ಮೊಸರು, ಚಟ್ನಿಪುಡಿ, ಹೆಚ್ಚಿದ ಈರುಳ್ಳಿ, ನಿನ್ನೆಯ ಪಲ್ಯ ಸ್ವಲ್ಪ ಇದ್ದರೆ ಡಬ್ಬಿ ತರುವ ಹುಡುಗ ನಿಮ್ಮ ಬೀದಿಯನ್ನು ಹುಡುಕುವಷ್ಟರಲ್ಲಿ ಊಟ ಮುಗಿದಿರುತ್ತದೆ. ಕೊಂಡು ತಂದ ರೊಟ್ಟಿ ತಿಂದರೆ ಗೃಹಿಣಿಯ ಮಾನ ಹೋಗುತ್ತದೆ ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು.

ಸಾರು ಬಿಡಿ ಎಂದು ನಾನು ಹೇಳುವುದಿಲ್ಲ, ಭಾನುವಾರಕ್ಕೆ ಇರಲಿ. ಅದಕ್ಕೂ ನೀನೀಗ ಒಳ್ಳೆಯ ಜಾಗದಲ್ಲಿದ್ದೀಯ. ಬ್ಯಾಡಗಿ ಊರು ನಿಮ್ಮ ನೆರೆಯ ಹಾವೇರಿ ಜಿಲ್ಲೆಯಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನೋಡಿ ಹೆದರುವವರು ಬಹಳ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಲ್ಲೂ ಡಬ್ಬಿ ಎಂಬ ದಪ್ಪ ಜಾತಿ ಇನ್ನೂ ಸೌಮ್ಯ, ಸುಕ್ಕುಸುಕ್ಕಾದ ಕಡ್ಡಿ ಸ್ವಲ್ಪ ಚುರುಕು. ಸಾರಿನ ಪುಡಿಗೆ ಡಬ್ಬಿಯನ್ನು ಕೇಳಿ ತೆಗೆದುಕೋ. ಇನ್ನು ಅಮ್ಮನ ಮನೆಯ ಸಾರಿಗೂ ಹೆಂಡತಿಯ ಸಾರಿಗೂ ತಾಳೆ ನೋಡುವ ಚಾಳಿ ಮಹೇಶನಿಗಿದ್ದರೆ ಇಂದೇ ಬಿಡಲಿ. ಉಪ್ಪು ಹೆಚ್ಚೋ ಕಡಿಮೆಯೋ ಎಂಬುದನ್ನು ಬಿಟ್ಟು ಬೇರೆ ಯಾವ ವಿಮರ್ಶೆಯೂ ಉಣ್ಣುವ ಹೊತ್ತಿನಲ್ಲಿ ಬೇಡ, ಮರುದಿನ ಹೇಳಿದರಾಯಿತು. ಮರುದಿನಕ್ಕೆ ಅರ್ಧ ವಿಮರ್ಶೆ ಮರೆತೇ ಹೋಗಿರುತ್ತದೆ.

ಹೊರಗೆ ತಿನ್ನುವುದಕ್ಕೆ ನನ್ನ ಆಕ್ಷೇಪವಿಲ್ಲ. ಕುಳಿತಲ್ಲಿಗೆ ತರಿಸಿಕೊಳ್ಳುವುದಕ್ಕೆ ಇದೆ. ಗಿರ್ಮಿಟ್ ಎಂಬುದು ಡಬ್ಬಿಯಲ್ಲಿ ಹೊರಟಾಗ ಗಿರ್ಮಿಟ್ ಆಗಿರುತ್ತದೆ, ಮನೆಗೆ ಬರುವಷ್ಟರಲ್ಲಿ ಮುದ್ದೆ. ಹುಣಸೆಹುಳಿ, ಬೆಲ್ಲದ ಒಗ್ಗರಣೆ ತಾಗಿದ ಮಂಡಕ್ಕಿ ಗರಿಗರಿಯಾಗಿರುವುದು ಕೆಲವೇ ನಿಮಿಷ. ಮಿರ್ಚಿ ಭಜಿಯಾದರೂ ಅಷ್ಟೇ, ಮುಚ್ಚಳದೊಳಗೆ ಬೆವರಿ ತೊಯ್ದುಹೋಗುತ್ತದೆ. ಸಂಜೆ ಸುಭಾಸ ರಸ್ತೆಯ ಕಡೆ ಇಬ್ಬರೂ ನಡೆದುಕೊಂಡು ಹೋಗಿ, ಒಂದೇ ತಟ್ಟೆ ಹೇಳಿ, ನಿಂತುಕೊಂಡು ತಿಂದು, ಮೇಲೊಂದು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಕಚೇರಿಯ ಸಿಟ್ಟೂ ಇಳಿದಿರುತ್ತದೆ. ಲೈನ್ ಬಜಾರಿನ ಪೇಢೆಯ ಅಂಗಡಿಗೂ ಒಮ್ಮೆ ಸರದಿಯಲ್ಲಿ ನಿಲ್ಲಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನ ಕಟ್ಟಿದ ಕಸುಬು ಅದು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿಯುವುದರಲ್ಲೇ ಅದರ ರುಚಿಯೆಲ್ಲ ಇರುವುದು. ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡ, ಬಾಣಲೆ ತಿಕ್ಕುವುದಕ್ಕೇ ಒಂದು ದಿನ ಬೇಕು. ಹೊರಗೆ ತಿನ್ನುವುದಕ್ಕೆ ಇದನ್ನೇ ಅಳತೆಗೋಲು ಮಾಡಿಕೊಳ್ಳಿ: ಮನೆಯಲ್ಲಿ ಒಲೆಯ ಮುಂದೆ ಒದ್ದಾಡಿದರೂ ಬಾರದ್ದನ್ನು ಅಂಗಡಿಯವರಿಗೆ ಬಿಡಿ. ಪನೀರ್ ಕೂರ್ಮಕ್ಕೆ ದುಡ್ಡು ಸುರಿಯಬೇಡಿ.

ನೀವು ಮಾಂಸ ತಿನ್ನುವವರಾದ್ದರಿಂದ ಇನ್ನೊಂದು ದಾರಿಯೂ ಇದೆ. ರಜೆಯ ದಿನ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಮಾಂಸದಡುಗೆಗೆ ಹೆಸರಾದ ಸಾವಜಿ ಹೋಟೆಲಿನಲ್ಲಿ ಉಣ್ಣಿ. ನಾನು ಮೇಲೆ ಹೇಳಿದ ಸಮಾಧಾನದ ಮಾತು ಯಾವುದೂ ಅಲ್ಲಿಗೆ ಅನ್ವಯಿಸುವುದಿಲ್ಲ. ಅದು ನಿಜವಾಗಿಯೂ ಖಾರ. ಕೀಮಾ ಉಂಡೆಯಿಂದ ಶುರುಮಾಡಿ, ರಸವನ್ನು ಸ್ವಲ್ಪವೇ ಹಾಕಿಸಿಕೊಳ್ಳಿ.

ಕಾಲ ಕಾಲಕ್ಕೆ ಏನು ಸಿಗುತ್ತದೆ ಎನ್ನುವುದನ್ನು ಪಕ್ಕದ ಮನೆಯವರಿಂದ ಕೇಳಿಕೋ. ಎಳ್ಳಮಾವಾಸ್ಯೆಗೆ ಯಾರಾದರೂ ಹೊಲಕ್ಕೆ ಕರೆದರೆ ರಜೆ ಹಾಕಿಯಾದರೂ ಹೋಗಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಗಳ ಆ ಊಟವನ್ನು ಯಾವ ಹೋಟೆಲೂ ಬಡಿಸಲಾರದು. ಬೇಸಿಗೆಯಲ್ಲಿ ಧಾರವಾಡದ ಆಪೂಸ್ ಮಾವು ಬರುತ್ತದೆ, ಆಗ ನಾನೇ ಬರುತ್ತೇನೆ.

ಈ ಸಲ ಹಬ್ಬಕ್ಕೆ ನೀವು ಬರುವಾಗ ನನಗೆಂದು ಪೇಢೆ ಹೊತ್ತು ತರಬೇಡಿ. ಡಾಕ್ಟರು ಸಕ್ಕರೆ ನಿಲ್ಲಿಸಿದ್ದಾರೆ, ನಿನ್ನ ಅತ್ತೆಯ ಪಹರೆಯೂ ಬಿಗಿಯಾಗಿದೆ. ಗುರೆಳ್ಳು ಚಟ್ನಿಪುಡಿ ಅರ್ಧ ಕಿಲೋ ಸಾಕು, ಬೆಳ್ಳುಳ್ಳಿ ಹಾಕಿದ್ದು.

ನಿನ್ನ ಮಾವ