ಅವ್ವನ ಚೌಕಾಬಾರಾ ಬಿಡಿಸಿದ್ದು ನಮ್ಮ ತಪ್ಪು

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಲಬುರಗಿ ಕಡೆ ಮನ್ಯಾಗ ವಯಸ್ಸಾದೋರಿದ್ರ ಮಕ್ಕಳು ಹೇಳೋದು ಒಂದೇ ಮಾತು, ನೀವು ಸುಮ್ಮ ಕುಂದ್ರಿ, ಎಲ್ಲಾ ನಾವು ಮಾಡ್ತೀವಿ. ನಾನೂ ನಮ್ಮ ಅವ್ವಗ ಹಂಗೇ ಹೇಳ್ದೆ. ಹೋದ ವರ್ಷ ಬಚ್ಚಲದಾಗ ಕಾಲು ಜಾರಿ ಬಿದ್ಲು, ಎಕ್ಸ್‌ರೇ ತೆಗೆಸಿದ್ವಿ, ಎಲುಬು ಏನೂ ಮುರಿದಿರ್ಲಿಲ್ಲ, ಆದ್ರೂ ನಮಗ ಹೆದರಿಕಿ, ಇನ್ಮ್ಯಾಲ ಶನಿವಾರ ಹನುಮಪ್ಪನ ಗುಡಿ ಭಜನಿಗೆ ಹೋಗಬ್ಯಾಡ, ಮಧ್ಯಾಹ್ನ ಓಣಿ ಹೆಣ್ಮಕ್ಕಳ ಜೋಡಿ ಕಟ್ಟಿ ಮ್ಯಾಲ ಚೌಕಾಬಾರಾ ಆಡೋದೂ ಬ್ಯಾಡ ಅಂತ ಎಲ್ಲಾ ಬಂದ್ ಮಾಡಿಸಿ ಟಿವಿ ಮುಂದ ಕೂಡಿಸಿದ್ವಿ. ಎರಡೇ ತಿಂಗಳು, ಅವ್ವ ಕುರ್ಚಿಯಿಂದ ಏಳ್ಲಾಕ ಯಾರರ ಕೈ ಹಿಡಿಬೇಕಾತು. ಬಿದ್ದಾಗ ಹೋಗದ ಕಾಲು ಕುಂತಾಗ ಹೋತು.

ಇದು ನಮ್ಮ ಮನಿ ಕಥಿ ಅಷ್ಟೇ ಅಲ್ರಿ. ಅಮೆರಿಕಾದಾಗ 2007ರಲ್ಲಿ ಪ್ರಕಟ ಆದ ಒಂದು ಅಧ್ಯಯನದಾಗ ಆರೋಗ್ಯವಾಗಿದ್ದ ವಯಸ್ಸಾದ ಮಂದೀನ 10 ದಿನ ಹಾಸಿಗಿ ಮ್ಯಾಲೇ ಇರಿಸಿದ್ರು, ಅಷ್ಟ್ರಾಗ ಅವರ ಕಾಲಿನ ಮಾಂಸಖಂಡ ಹತ್ತತ್ರ 1 ಕೆಜಿ ಕರಗಿತ್ತು. ಬರೀ 10 ದಿನಕ್ಕ! ಅಲ್ಲೇ 2014ರಾಗ ಬಂದ ಇನ್ನೊಂದು ದೊಡ್ಡ ಅಧ್ಯಯನದಾಗ 70ರಿಂದ 89 ವಯಸ್ಸಿನ 1635 ಮಂದಿ ಇದ್ರು, ಎಲ್ಲಾರೂ ಮೊದಲೇ ಕಾಲು ಸೋತೋರು. ಅರ್ಧ ಮಂದಿಗೆ ನಡಿಗಿ, ಕಾಲಿನ ವ್ಯಾಯಾಮ, ಬ್ಯಾಲೆನ್ಸ್ ಅಭ್ಯಾಸ ಹಚ್ಚಿದ್ರು, ಉಳಿದೋರಿಗೆ ಆರೋಗ್ಯದ ಕ್ಲಾಸ್ ಮಾತ್ರ. ಸುಮಾರು ಎರಡೂವರೆ ವರ್ಷ ನೋಡಿದ ಮ್ಯಾಲ, 400 ಮೀಟರ್ ನಡೀಲಾಕ ಆಗದಂಗ ಆಗೋ ಅಪಾಯ ನಡೆದೋರಲ್ಲಿ 18% ಕಡಿಮಿ ಇತ್ತು. 400 ಮೀಟರ್ ಅಂದ್ರ ಎಷ್ಟ್ರೀ, ನಮ್ಮ ಮನಿಯಿಂದ ಗುಡಿತನಕ. ಅಷ್ಟು ನಡೀಲಾಕ ಬಂದ್ರ ಅವ್ವ ತನ್ನ ದೇವ್ರು ತಾನೇ ನೋಡ್ತಾಳ, ಬರದಿದ್ರ ಮಗ ಯಾವಾಗ ಬರ್ತಾನ ಅಂತ ಕಾಯ್ಬೇಕು.

ಈಗ ಅವ್ವ ಮತ್ತ ಆಡ್ಲಾಕ ಹೊಂಟಾಳ. ಫಿಜಿಯೋಥೆರಪಿದಾಗ ಹೇಳಿಕೊಟ್ಟ ಎಕ್ಸರ್‌ಸೈಜ್ ಎಂಟು ದಿನ ಮಾಡಿ ಬ್ಯಾಸರ ಆಗಿ ಬಿಟ್ಟಿದ್ಲು, ಆದ್ರ ಆಟಕ್ಕ ಕರಿದ್ರ ಯಾವ ನೋವೂ ಹೇಳಲ್ಲ. ಮೊದಮೊದಲು ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತಿದ್ದೆ, ಒಂದು ಸ್ಟೂಲ್ ಒಯ್ತಿದ್ದೆ, ಈಗ ಆಕಿನೇ ಗ್ವಾಡಿ ಹಿಡ್ಕೊಂಡು ಕೆಳಗ ಕುಂದರ್ತಾಳ, ಕವಡಿ ಬಿಡ್ತಾಳ, ಮನಿ ಎಣಿಸ್ತಾಳ, ನಡುವ ಎದ್ದು ನೀರು ಕುಡುದು ಬರ್ತಾಳ. ಮಂದಿ ಇದಕ್ಕ ಟೈಮ್‌ಪಾಸ್ ಅಂತಾರ, ನನಗ ಆ ಮಾತು ಸೇರಲ್ಲ. ಕೆಳಗ ಕುಂತು ಏಳೋದು ಕಾಲಿಗೆ, ಲೆಕ್ಕ ತಲಿಗೆ, ಗೆಳತ್ಯಾರು ಮನಸ್ಸಿಗೆ. ಆಟ ಆಡಿದ್ರ ರೋಗನೇ ಬರಲ್ಲ ಅಂತ ನಾ ಹೇಳ್ತಿಲ್ಲ, ಮಂಡಿ ನೋವು, ಶುಗರ್ ಇದ್ದೋರು ಡಾಕ್ಟರ್‌ನ ಕೇಳಿನೇ ಶುರು ಮಾಡ್ಬೇಕು, ಬಚ್ಚಲದಾಗ ಹಿಡಿಲಾಕ ಒಂದು ರಾಡೂ ಹಾಕಿಸ್ರಿ, ನಾವು ಬಿದ್ದ ಮ್ಯಾಲ ಹಾಕಿಸಿದ್ವಿ.

ಆದ್ರ ಹೊರಗ ಹೋಗೋದರ ಎಲ್ಲಿಗೆ? ಏಪ್ರಿಲ್ ಮೇದಾಗ ನಮ್ಮೂರ ಬಿಸಿಲು 42 ಡಿಗ್ರಿ ದಾಟ್ತದ, ಮುಂಜಾನಿ ಎಂಟಕ್ಕೇ ಬೆನ್ನು ಸುಡ್ತದ, ನಮ್ಮ ಬಡಾವಣಿ ಪಾರ್ಕಿನ ಗೇಟ್ ತೆಗಿಯೋದೇ ಏಳಕ್ಕ, ಒಳಗ ನೆಳ್ಳಾಗ ಒಂದು ಬೆಂಚಿಲ್ಲ, ಇದ್ದ ಎರಡು ಬೆಂಚಿಗೆ ಬೆನ್ನು ಆನಿಸ್ಲಾಕ ಹಲಗಿ ಇಲ್ಲ, ಹೆಣ್ಮಕ್ಕಳಿಗೆ ಟಾಯ್ಲೆಟ್ ಅಂತೂ ಕೇಳ್ಲೇಬ್ಯಾಡ್ರಿ. ಬ್ಯಾಸಗಿದಾಗ ಐದಕ್ಕೇ ಗೇಟ್ ತೆಗೀರಿ. ಮಧ್ಯಾಹ್ನಕ್ಕ ನಮ್ಮ ಓಣಿ ಸಮುದಾಯ ಭವನ ಅದ, ಫ್ಯಾನ್ ಅವ, ನಳ ಅದ, ಮದುವಿ ಇದ್ದ ದಿನ ಬಿಟ್ರ ವರ್ಷವೆಲ್ಲಾ ಬೀಗ. ಮೂರರಿಂದ ಐದರತನಕ ವಯಸ್ಸಾದೋರಿಗೆ ಅದನ್ನ ಬಿಟ್ಟುಕೊಡ್ರಿ ಅಂತ ಎರಡು ಸಲ ಅರ್ಜಿ ಕೊಟ್ಟೀವಿ. ಕೀಲಿ ಯಾರ ಹತ್ರ ಅದ ಅಂತ ಹೇಳಿದ್ರ ಸಾಕು, ಕಸ ಹೊಡಿಯೋದು ನಾವೇ ಮಾಡ್ಕೋತೀವಿ.

— ಒಬ್ಬ ಓದುಗ, ಕಲಬುರಗಿ