ವೈವಾ ಮುಗಿಯಿತು, ಇವರಿಗೆಲ್ಲ ಶರಣು

ಹೋದ ವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಸಮುದ್ರತಳದ ಕೆಳಗೆ, ಹೆಚ್ಚು ಆಳವಿಲ್ಲದ ಮರಳಿನ ಪದರಗಳಲ್ಲಿ ಸಿಕ್ಕಿಕೊಂಡ ನೈಸರ್ಗಿಕ ಅನಿಲವನ್ನು ಸೀಸ್ಮಿಕ್ ದತ್ತಾಂಶದಿಂದ, ಅಂದರೆ ನೆಲದೊಳಕ್ಕೆ ಕಳಿಸಿದ ಅಲೆಗಳ ಪ್ರತಿಧ್ವನಿಯಿಂದ, ಅಳೆಯುವುದು ನನ್ನ ವಿಷಯ. ಲಿಂಗಸುಗೂರಿನ ಹುಡುಗಿಗೆ ಸಮುದ್ರದ ಉಸಾಬರಿ ಯಾಕೆ ಅಂತ ಕೇಳದವರಿಲ್ಲ.

ಮೊದಲ ಶರಣು ನಾನು ಮುಖ ನೋಡದವರಿಗೆ. ಉತ್ತರ ಸಮುದ್ರದ ಡಚ್ ಭಾಗದಲ್ಲಿ ಎಫ್3 ಬ್ಲಾಕ್ ಅಂತ, ತೈಲ-ಅನಿಲ ಹುಡುಕಲು ಗುರುತು ಹಾಕಿದ ಒಂದು ತುಂಡು ಇದೆ. 1987ರಲ್ಲಿ ಅಲ್ಲಿ ನಡೆದ ತ್ರೀಡಿ ಸೀಸ್ಮಿಕ್ ಸರ್ವೆಯ ದತ್ತಾಂಶ ಈಗ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಸರ್ವೆ ಮಾಡಿದವರ ಕಣ್ಣು ಆಳದ ಜುರಾಸಿಕ್ ಶಿಲೆಗಳ ಮೇಲಿತ್ತು. ನನಗೆ ಡಿಗ್ರಿ ಕೊಟ್ಟಿದ್ದು ಅದರ ಮೇಲಿನ ಎಳೆಯ ಪದರಗಳು. ಇಂಥ ಮೇಲ್ಪದರದ ಅನಿಲ ಡ್ರಿಲ್ಲಿಂಗ್‌ನವರಿಗೆ ಬಹುಕಾಲ ಬರೀ ಗಂಡಾಂತರ, ಬಿರುಸಾಗಿ ಚಿಮ್ಮಿದರೆ ರಿಗ್ಗೇ ಉಳಿಯದು. ಅದೇ ಡಚ್ ಸಮುದ್ರದ ಎ12 ಬ್ಲಾಕಿನಲ್ಲಿ 2007ರಿಂದ ಅದನ್ನೇ ತೆಗೆದು ಮಾರುತ್ತಿದ್ದಾರೆ.

ಆಮೇಲೆ ಅಪ್ಪ. ಲ್ಯಾಪ್‌ಟಾಪಿನಲ್ಲಿ ಬ್ರೈಟ್ ಸ್ಪಾಟ್, ಅಂದರೆ ಪ್ರತಿಧ್ವನಿ ಜೋರಾಗಿ ಬಂದು ಚಿತ್ರದಲ್ಲಿ ಹೊಳೆಯುವ ಜಾಗ, ತೋರಿಸಿ, "ಇಲ್ಲಿ ಗ್ಯಾಸ್ ಅದ ನೋಡಪ್ಪಾ" ಅಂದೆ. ಪಾಯಿಂಟ್ ನೋಡಿಸಿ ನೋಡಿಸಿ ಬೋರ್ ಹಾಕಿಸಿದ ಮನುಷ್ಯ. "ಅದ ಅಂತ ಎಲ್ಲಾರೂ ಹೇಳ್ತಾರವ್ವಾ. ಎಷ್ಟು ಇಂಚು ಬೀಳ್ತದ, ಅದನ್ನ ಹೇಳು" ಅಂದರು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದೂ ಇದನ್ನೇ, ಇಂಗ್ಲಿಷಿನಲ್ಲಿ!

ಇಡೀ ಪ್ರಬಂಧದ ತೊಡಕು ಅಲ್ಲೇ ಇದೆ. ನೀರು ತುಂಬಿದ ಸಡಿಲ ಮರಳಿಗೆ ಶೇ. 5ರಷ್ಟು ಅನಿಲ ಸೇರಿದರೆ ಸಾಕು, ಅಲೆಯ ವೇಗ ಧಡಕ್ಕನೆ ಬೀಳುತ್ತದೆ. ಅನಿಲ ಶೇ. 70 ಆದರೂ ವೇಗದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ಬಡ ಪದರವೂ ಶ್ರೀಮಂತ ಪದರದಷ್ಟೇ ಹೊಳೆಯಬಹುದು. ಎರಡನ್ನೂ ಬೇರ್ಪಡಿಸಲು ಸಾಂದ್ರತೆ ಬೇಕು. ಅದು ಅನಿಲ ಹೆಚ್ಚಿದಷ್ಟೂ ಒಂದೇ ಸಮ ಇಳಿಯುತ್ತದೆ. ಆದರೆ ಅದನ್ನು ಹಿಡಿಯಲು ದೂರದ ರಿಸೀವರಿಗೆ (ಅಲೆ ಹಿಡಿಯುವ ಉಪಕರಣ) ಓರೆಯಾಗಿ ಬಂದ ಅಲೆಗಳನ್ನು ಬಿಡಿಬಿಡಿಯಾಗಿ ನೋಡಬೇಕು. ನನ್ನ ಕೈಯಲ್ಲಿದ್ದದ್ದು ಎಲ್ಲ ಕೂಡಿಸಿದ ಚಿತ್ರ. "ಒಂದೇ ಅಂಕಿ ಬರೆದರೆ ಸಹಿ ಹಾಕಲ್ಲ, ಕನಿಷ್ಠ-ಗರಿಷ್ಠ ಎರಡೂ ಬರಿ" ಎಂದು ಹಟ ಹಿಡಿದ ಗೈಡ್ ಸರ್ ಅವರಿಗೆ ಅದಕ್ಕೇ ದೊಡ್ಡ ನಮಸ್ಕಾರ. ಆಗ ಸಿಟ್ಟು ಬಂದಿತ್ತು ಸರ್, ಈಗಿಲ್ಲ.

ಹಟ್ಟಿ ಗಣಿಯಲ್ಲಿ ದುಡಿದು ನಿವೃತ್ತರಾದ ಮಾಮಾ ಕಲ್ಲು ಕೈಗಿಟ್ಟು ನನ್ನನ್ನು ಈ ದಾರಿಗೆ ಹಚ್ಚಿದವರು. ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಲ್ಯಾಬಿನ ಅಣ್ಣ ನನ್ನ ಕಂಪ್ಯೂಟರಿನ ಯುಪಿಎಸ್ ಕಾದರು. ಇನ್ನು ಅಕ್ಕ. ಫೀಸು ಕಟ್ಟಿದವಳು ಅವಳು, ವಾಪಸ್ ಕೊಡ್ತೀನಿ ಅಂದರೆ ಮಾತೇ ಬಿಡ್ತಾಳೆ. ಹಾಗಾಗಿ ಇಲ್ಲಿ ಬರೆದಿದ್ದೇನೆ, ಎಲ್ಲರ ಮುಂದೆ ಬೈಯಲಾರಳು.